ಡ್ರಮ್ಮಣ್ಣನ ಎಂಟು ಭಾಗದ ಊಟ

ಡ್ರಮ್ಮಣ್ಣನಿಗೆ ಸ್ವಂತ ಬುದ್ಧಿ ಎಂಬುದು ಇರಲಿಲ್ಲ. ಕೆಟ್ಟವನಲ್ಲ, ಸೋಮಾರಿಯಲ್ಲ, ಕುಡುಕನೂ ಅಲ್ಲ. ಎದುರಿನವರು ಕೈ ಎತ್ತಿದರೆ ಎತ್ತುವ, ಇಳಿಸಿದರೆ ಇಳಿಸುವ ಮನುಷ್ಯ, ಅಷ್ಟೆ. ಸರಕಿನ ಅಂಗಳದ ದೊಡ್ಡ ಕ್ರೇನಿನ ನೆತ್ತಿಯಲ್ಲಿ, ಗಾಜಿನ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು ಅವನು ಹಗಲೆಲ್ಲ ಕಬ್ಬಿಣದ ಪೆಟ್ಟಿಗೆಗಳನ್ನು ಎತ್ತಿ ಇಳಿಸುತ್ತಿದ್ದ. ಕೆಳಗೆ ಸಿಗ್ನಲ್ ಕೊಡುವವನೊಬ್ಬ ನಿಂತಿರುತ್ತಿದ್ದ. ಒಣಗಿಕೊಂಡಿದ್ದ ಅವನನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಕಡ್ಡಿ ತೋರುಬೆರಳನ್ನು ಮೇಲೆತ್ತಿ ಸುತ್ತು ತಿರುಗಿಸಿದರೆ ಎತ್ತಬೇಕು. ಮುಷ್ಟಿ ಬಿಗಿಹಿಡಿದರೆ ಇದ್ದಲ್ಲೇ ನಿಲ್ಲಿಸಬೇಕು. ಇಷ್ಟು ವರ್ಷಗಳ ಕೆಲಸದಲ್ಲಿ ಡ್ರಮ್ಮಣ್ಣ ಸಿಗ್ನಲ್ ಇಲ್ಲದೆ ಕೊಕ್ಕೆಯನ್ನು ಒಂದು ಗೇಣು ಕೂಡ ಅಲ್ಲಾಡಿಸಿದವನಲ್ಲ.

ಊಟದ ಮೇಜಿನ ಮುಂದೆ ಮಾತ್ರ ಮುಷ್ಟಿ ಹಿಡಿಯುವವರು ಯಾರೂ ಇರಲಿಲ್ಲ. ಪಾತ್ರೆ ಖಾಲಿಯಾದಾಗ ಊಟ ಮುಗಿಯಿತು ಎಂಬುದು ಅವನ ಲೆಕ್ಕ. ಅದರ ಫಲವನ್ನು ಅಂಗಳದವರು ಅವನ ಹೆಸರಿನಲ್ಲೇ ಸೇರಿಸಿದ್ದರು.

ಆ ವರ್ಷದ ತಪಾಸಣೆಯಲ್ಲಿ ಕಂಪನಿಯ ಡಾಕ್ಟರು ತೂಕದ ಯಂತ್ರದ ಮುಳ್ಳನ್ನು ಬಗ್ಗಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಕ್ರೇನ್ ಹತ್ತೋ ಏಣಿಗೆ ಒಂದು ತೂಕದ ಮಿತಿ ಇದೆ, ನೀವು ಅದನ್ನ ದಾಟಿದ್ದೀರಿ. ಮುಂದಿನ ತಪಾಸಣೆ ಹೊತ್ತಿಗೆ ತೂಕ ಇಳೀದೇ ಇದ್ರೆ ನಿಮ್ಮನ್ನ ಗೇಟಿಗೆ ಹಾಕ್ತಾರೆ."

ಗೇಟಿನ ಕೆಲಸ ಎಂದರೆ ಲಾರಿ ಬಂದಾಗ ಅಡ್ಡಗಂಬ ಎತ್ತುವುದು, ಹೋದಾಗ ಇಳಿಸುವುದು. ಹೊಟ್ಟೆಪಾಡಿಗೆ ಅದೂ ಸಾಕಿತ್ತು. ಆದರೆ ನೆಲದ ಮೇಲೆ ಡ್ರಮ್ಮಣ್ಣನಿಗೆ ಬಸ್ಸಿನ ಸೀಟು ಸಾಲುತ್ತಿರಲಿಲ್ಲ, ಕುರ್ಚಿಗಳು ನರಳುತ್ತಿದ್ದವು. ಕ್ಯಾಬಿನ್ನಿನಲ್ಲಿ ಅವನು ಎರಡು ಬೆರಳಿನಿಂದ ಒಂದು ಮನೆಯಷ್ಟು ಭಾರವನ್ನು ಮೊಟ್ಟೆಯಂತೆ ಕೆಳಗಿಡುತ್ತಿದ್ದ. ಹಗುರಾಗಿರಲು ಅವನಿಗಿದ್ದದ್ದು ಅದೊಂದೇ ಜಾಗ.

ಸುದ್ದಿ ಕೇಳಿ, ಗ್ರಂಥಾಲಯದಲ್ಲಿ ಕೆಲಸ ಮಾಡುವ ಅವನ ತಂಗಿ ರಜದ ದಿನ ಒಂದು ಚೀಲ ಚಿಕ್ಕ ಬಟ್ಟಲುಗಳನ್ನು ಹೊತ್ತು ಬಂದಳು.

"ಅಣ್ಣ, ಜಪಾನಿನ ಮುದುಕರ ಬಗ್ಗೆ ಓದಿದೆ. ವಯಸ್ಸು ತೊಂಬತ್ತಾದ್ರೂ ತೋಟ ಅಗೀತಾರಂತೆ."

"ಈಗ ನಾನು ತೋಟ ಅಗೀಬೇಕಾ?"

"ಪೂರ್ತಿ ಕೇಳು. ದೊಡ್ಡ ತಟ್ಟೆ ಬೇಡ, ಇಂಥ ಬಟ್ಟಲುಗಳು. ಮೊದಲು ಬಿಸಿ ಸೂಪು, ಆಮೇಲೆ ಬೇಯಿಸಿದ ತರಕಾರಿ, ಒಂದು ತುಂಡು ಮೀನು, ಸ್ವಲ್ಪ ಅನ್ನ. ನಿಧಾನಕ್ಕೆ ಅಗಿದು ತಿನ್ನು. ಹೊಟ್ಟೆ ಹತ್ತರಲ್ಲಿ ಎಂಟು ಭಾಗ ತುಂಬಿದ ಕೂಡಲೇ ಎದ್ದುಬಿಡು."

"ಎಂಟು ಭಾಗ ಆಯ್ತು ಅಂತ ಹೇಳೋರ್ಯಾರು?"

"ನಿನ್ನ ಹೊಟ್ಟೇನೇ ಹೇಳುತ್ತೆ."

"ಯಾವಾಗ?"

ಓದಿದ್ದರಲ್ಲಿ ಅದು ಇದ್ದಂತಿರಲಿಲ್ಲ. ತಂಗಿ ಮೂಲಂಗಿ ಹೆಚ್ಚಲು ಎದ್ದುಹೋದಳು.

ಕ್ಯಾಬಿನ್ನಿನಲ್ಲಿ ಭಾರ ತೋರಿಸುವ ಒಂದು ಮಾಪಕ ಇತ್ತು. ಮಿತಿ ಹತ್ತಿರ ಬಂದರೆ ಹಳದಿ ದೀಪ, ಮೀರಿದರೆ ಕೆಂಪು. ಹೊಟ್ಟೆಯಲ್ಲೂ ಅಂಥದ್ದೇನೋ ಇರಬೇಕೆಂದು ಡ್ರಮ್ಮಣ್ಣ ನಂಬಿದ. ಪ್ರತಿ ತುತ್ತಿಗೂ ಕಣ್ಣು ಮುಚ್ಚಿ ಹಳದಿ ದೀಪಕ್ಕೆ ಕಾದ. ದೀಪ ಹತ್ತಲಿಲ್ಲ, ಬಟ್ಟಲು ಖಾಲಿಯಾಯಿತು. ಬಟ್ಟಲು ಚಿಕ್ಕದಿರಲಿ ಎಂದಿದ್ದರೇ ಹೊರತು ಎಷ್ಟು ಸಲ ತುಂಬಬೇಕೆಂದು ಯಾರೂ ಹೇಳಿರಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ಮುಳ್ಳು ಇನ್ನಷ್ಟು ಬಲಕ್ಕೆ ಸರಿದಿತ್ತು.

"ಏನು ಡ್ರಮ್ಮಣ್ಣ, ಜಪಾನಿಗೆ ಹೊರಟೋನು ದಾರೀಲೇ ಊಟಕ್ಕೆ ಕೂತುಬಿಟ್ಟೆಯಾ?" ಎಂದ ಕಡ್ಡಿ.

"ತಮಾಷೆ ಬೇಡ. ಎಂಟು ಭಾಗ ಅನ್ನೋದು ಎಲ್ಲಿರುತ್ತೆ ಅಂತ ನಿನಗೆ ಗೊತ್ತಾ?"

"ನನಗೆ ಎರಡು ಭಾಗಕ್ಕೇ ಸಾಕಾಗುತ್ತೆ. ಅಲ್ಲಯ್ಯಾ, ಮೇಲೆ ಕೂತೋನಿಗೆ ಕೆಳಗಿಂದು ಕಾಣಲ್ಲ ಅಂತ ತಾನೇ ನನ್ನನ್ನ ಬಿಸಿಲಲ್ಲಿ ನಿಲ್ಲಿಸಿರೋದು? ಮನೇಲೂ ಒಬ್ಬರನ್ನ ನಿಲ್ಲಿಸಿಕೋ."

ಕಡ್ಡಿ ಹೇಳಿದ್ದು ತಮಾಷೆಗೆ. ಡ್ರಮ್ಮಣ್ಣ ಅದನ್ನು ಆದೇಶವೆಂದು ತಿಳಿದ. ಅವನ ಹೆಂಡತಿ ಮನೆಯಲ್ಲೇ ಪರದೆ ಹೊಲಿದು ಕೊಡುವವಳು, ಗುಬ್ಬಚ್ಚಿಯಂತೆ ತಿನ್ನುವವಳು. ಸಂಜೆ ಅವಳನ್ನು ಮೇಜಿನ ಎದುರು ಕೂರಿಸಿ ಸಿಗ್ನಲ್ ಕಲಿಸಿಕೊಟ್ಟ.

"ರೀ, ಉಣ್ಣೋರ ಮುಂದೆ ಮುಷ್ಟಿ ಹಿಡಿಯೋದು ಚೆನ್ನಾಗಿರುತ್ತಾ?"

"ಕಡ್ಡಿ ದಿನಾ ಹಿಡೀತಾನೆ. ನನಗೇನೂ ಬೇಜಾರಿಲ್ಲ."

ಅವಳು ಮುಷ್ಟಿ ಹಿಡಿದಳು. ಚಮಚ ಗಾಳಿಯಲ್ಲೇ ನಿಂತಿತು. ಅದರಲ್ಲಿದ್ದ ಮೀನು ಮತ್ತೆ ಬಟ್ಟಲಿಗಿಳಿಯಿತು. ಈ ವ್ಯವಸ್ಥೆ ಕೆಲಸ ಮಾಡಿತು, ಅತಿಯಾಗಿಯೇ ಮಾಡಿತು. ಅವಳು ಅವನ ಪ್ಯಾಂಟುಗಳ ಸೊಂಟವನ್ನು ಒಂದಾದ ಮೇಲೊಂದರಂತೆ ಹಿಡಿದು ಹೊಲಿದಳು. ಕೊನೆಗೊಂದು ಮಧ್ಯಾಹ್ನ, ಏಣಿಯ ಅರ್ಧದಲ್ಲಿ, ಡ್ರಮ್ಮಣ್ಣನಿಗೆ ಒಂದರ ಪಕ್ಕ ಇನ್ನೊಂದು ಏಣಿ ಕಂಡಿತು. ಯಾವುದನ್ನು ಹತ್ತಬೇಕೆಂದು ತಿಳಿಯಲಿಲ್ಲ. ಕೆಳಗಿನಿಂದ ಕಡ್ಡಿ ಮುಷ್ಟಿ ಎತ್ತಿದ್ದು ಕಂಡು, ಕೈಗೆ ಸಿಕ್ಕಿದ್ದನ್ನು ತಬ್ಬಿಕೊಂಡು ನಿಂತ.

ಮೇಲ್ವಿಚಾರಕ ಅವನನ್ನು ಹುಷಾರಾಗಿ ಕೆಳಗಿಳಿಸಿದ. "ತೂಕ ಹೆಚ್ಚಿದ್ರೂ ಮೇಲೆ ಬಿಡಲ್ಲ, ತಲೆ ತಿರುಗಿದ್ರೂ ಬಿಡಲ್ಲ. ತಪಾಸಣೆ ಹತ್ತಿರ ಇದೆ, ನೋಡ್ಕೋ."

ತಿಂದರೂ ಗೇಟು, ತಿನ್ನದಿದ್ದರೂ ಗೇಟು. ಡ್ರಮ್ಮಣ್ಣ ಗೊಂದಲವನ್ನು ಹೊತ್ತುಕೊಂಡೇ ಮನೆಗೆ ಬಂದು ಹೆಂಡತಿಯನ್ನು ಕೇಳಿದ. ಮೊದಲ ದಿನವೇ ಕೇಳಬೇಕಿದ್ದ ಮಾತು ಅದು.

"ನನ್ನ ಹೊಟ್ಟೆ ಎಂಟು ಭಾಗ ತುಂಬಿದ್ದು ನಿನಗೆ ಹೇಗೆ ಗೊತ್ತಾಗುತ್ತೆ?"

"ನಿಮ್ಮ ಹೊಟ್ಟೆ ವಿಷಯ ನನಗೇನು ಗೊತ್ತು? ನಿಮ್ಮ ಜೊತೆ ನಾನೂ ಉಣ್ತೀನಲ್ಲ. ನನಗೆ ಎಂಟು ಭಾಗ ಆಯ್ತು ಅನ್ನಿಸಿದಾಗ ಮುಷ್ಟಿ ಹಿಡೀತೀನಿ."

ಅವನು ಅವಳ ಹೊಟ್ಟೆಯ ಕಡೆ ನೋಡಿದ, ತನ್ನದರ ಕಡೆ ನೋಡಿದ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಆಟ ನಿಲ್ಲಿಸಿ, ತಮ್ಮ ಹಸಿವನ್ನು ತಾವು ವಿಚಾರಿಸಿಕೊಳ್ಳುತ್ತಿದ್ದರು. ಡ್ರಮ್ಮಣ್ಣ, "ಹಾಗಾದ್ರೆ ಈಗೇನು ಮಾಡೋದು?" ಎಂದ.

"ನೀವು ತಲೆ ಕೆಡಿಸ್ಕೋಬೇಡಿ. ನಾನು ನೋಡ್ಕೋತೀನಿ," ಎಂದಳು ಹೆಂಡತಿ.

ಮರುದಿನದಿಂದ ಮುಷ್ಟಿ ತಡವಾಗಿ ಬರತೊಡಗಿತು. ಅವನ ತಲೆಸುತ್ತು ನಿಂತಿತು, ಏಣಿ ಮತ್ತೆ ಒಂದೇ ಆಯಿತು. ಏನು ಬದಲಾಯಿತೆಂದು ಅವನು ಕೇಳಲಿಲ್ಲ. ಸಿಗ್ನಲ್ ಕೊಡುವವರನ್ನು ಯಾಕೆಂದು ಕೇಳುವ ಅಭ್ಯಾಸ ಅವನಿಗಿರಲಿಲ್ಲ.

ತಪಾಸಣೆಯ ದಿನ ಮುಳ್ಳು ಮಿತಿಯ ಗೆರೆಯ ಈಚೆಗೇ ನಿಂತಿತು, ಕೂದಲೆಳೆಯಷ್ಟು ಈಚೆಗೆ.

"ಕ್ಯಾಬಿನ್ ಉಳೀತು. ಈಗ ಏನು ಮಾಡ್ತಿದ್ದೀರೋ ಅದನ್ನೇ ಮಾಡ್ಕೊಂಡು ಹೋಗಿ," ಎಂದರು ಡಾಕ್ಟರು.

ಏನು ಮಾಡುತ್ತಿದ್ದೇನೆಂದು ಗೊತ್ತಿದ್ದರೆ ತಾನೇ. ಅದನ್ನೇ ಯೋಚಿಸುತ್ತ ಅವನು ಸಂಜೆ ಊಟಕ್ಕೆ ಕೂತ. ಸೂಪು ಮುಗಿಯಿತು, ತರಕಾರಿ ಮುಗಿಯಿತು. ಹೆಂಡತಿ ತನ್ನ ಬಟ್ಟಲಿಗೆ ಮತ್ತೆ ಅನ್ನ ಬಡಿಸಿಕೊಂಡಳು, ತೋರುಬೆರಳೆತ್ತಿ ಸುತ್ತು ತಿರುಗಿಸಿದಳು: ಎತ್ತು.

ಡ್ರಮ್ಮಣ್ಣ ಎತ್ತಲಿಲ್ಲ. ಭಾರ ಹೊತ್ತ ಹಗ್ಗವನ್ನು ನೋಡುವಂತೆ ಅವಳನ್ನು ನೋಡಿದ. ಅವಳ ಮೇಲ್ತುಟಿಯ ಮೇಲೆ ಬೆವರು ಕೂತಿತ್ತು. ಲಂಗದ ಸೊಂಟದ ಗುಂಡಿ ಬಿಚ್ಚಿ, ಆ ಜಾಗಕ್ಕೊಂದು ಪಿನ್ನು ಸಿಕ್ಕಿಸಿದ್ದಳು. ಒಂದು ತುತ್ತು ಬಾಯಿಗಿಟ್ಟು, ನೀರು ಕುಡಿದು ನುಂಗಿದಳು. ಕಷ್ಟಪಟ್ಟು ಇನ್ನೊಂದನ್ನು ಎತ್ತಿಕೊಂಡಳು. ಅವನಿಗೆ ಊಟ ಸಾಲಬೇಕಾದರೆ ಅಷ್ಟು ಹೊತ್ತು ತಾನೂ ತಿನ್ನುತ್ತಿರಬೇಕೆಂದು ಅವಳು ಇಷ್ಟು ದಿನವೂ ತಿಂದಿದ್ದಳು.

ಮೇಲೆ ಕೂತವನು ಸಿಗ್ನಲ್ ಪಡೆಯುವವನು, ಕೊಡುವವನಲ್ಲ. ಡ್ರಮ್ಮಣ್ಣನ ಕೈ ಸ್ವಲ್ಪ ಹೊತ್ತು ಏನು ಮಾಡಬೇಕೆಂದು ತಿಳಿಯದೆ ಮೇಜಿನ ಮೇಲೆ ಬಿದ್ದಿತ್ತು. ಆಮೇಲೆ ಮೇಲೆದ್ದು ಅವಳ ಮುಖದ ಮುಂದೆ ಮುಷ್ಟಿಯಾಯಿತು.

"ರೀ, ನಿಮಗಿನ್ನೂ ಆಗಿಲ್ಲ," ಎಂದಳು ಅವಳು.

ಅವನು ಮುಷ್ಟಿ ಇಳಿಸಲಿಲ್ಲ. ಇನ್ನೊಂದು ಕೈಯಿಂದ ಅವಳ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು, ಯಾರನ್ನೂ ನೋಡದೆ, ನಿಧಾನವಾಗಿ ಅಗಿದು ಕೆಲವು ತುತ್ತು ತಿಂದ. ಆಮೇಲೆ ಚಮಚ ಕೆಳಗಿಟ್ಟ. ಎಂಟು ಭಾಗವೋ ಏಳೋ ಒಂಬತ್ತೋ ಅವನಿಗೆ ಗೊತ್ತಾಗಲಿಲ್ಲ. ಬಟ್ಟಲಿನಲ್ಲಿ ಇನ್ನೂ ಅನ್ನವಿತ್ತು.