ನಿನ್ನ ಪಕ್ಕ ಯಾರನ್ನ ಕೂರಿಸಿದ್ದೆ?

ಮಗಳ ಊಟದ ಡಬ್ಬಿಯ ಮುಚ್ಚಳ ತೆಗೆದೆ. ಬೆಳಗ್ಗೆಯಿಂದ ಸ್ಟೀಲಿನೊಳಗೆ ಮುಚ್ಚಿಕೊಂಡಿದ್ದ ಚಿತ್ರಾನ್ನದ ವಾಸನೆ ಮುಖಕ್ಕೆ ಬಡಿಯಿತು. ಒಳಗೆ ಒಂದಗುಳೂ ಇರಲಿಲ್ಲ. ಕರಿಬೇವಿನ ಎಲೆ ಕೂಡ ಇರಲಿಲ್ಲ. ಬೇರೆ ತಾಯಂದಿರಾದರೆ ಖುಷಿಪಡುತ್ತಿದ್ದರೇನೋ. ನನ್ನ ಮಗಳು ಕರಿಬೇವನ್ನು ಆರಿಸಿ ಆರಿಸಿ ಅಂಚಿಗೆ ತಳ್ಳುವವಳು, ಅರ್ಧ ಡಬ್ಬಿ ವಾಪಸ್ ತರುವವಳು. ಹೋದ ತಿಂಗಳು ನಾನು ಅವಳ ಶಾಲೆಗೆ ಹೋಗಿ ಒಂದು ದೂರು ಕೊಟ್ಟು ಬಂದಿದ್ದೆ. ಡಬ್ಬಿ ಹೀಗೆ ಬರತೊಡಗಿದ್ದು ಅದಾದ ಮೇಲೆ. ಸಿಂಕಿನ ಮುಂದೆ ನಿಂತೇ ಇದ್ದೆ. ಎಂದೋ ಬಿಟ್ಟು ಬಂದ ಒಂದು ವರಾಂಡ, ಅಲ್ಲಿ ಗಂಧದ ಪೌಡರಿನ ವಾಸನೆ ಬೀರುತ್ತಾ ಓಡಾಡುತ್ತಿದ್ದ ದೊಡ್ಡ ಮಿಸ್ ನೆನಪಿಗೆ ಬಂದರು...

ದೊಡ್ಡ ಮಿಸ್ ಅಂದರೆ ಭದ್ರಾವತಿಯಲ್ಲಿ ನಾನು ಓದಿದ ಶಾಲೆಯ ಹೆಡ್‌ಮಿಸ್. ಆಳು ಗಿಡ್ಡ, ಹೆಸರು ಮಾತ್ರ ದೊಡ್ಡದು. ಕಾರ್ಖಾನೆಯ ಕ್ವಾರ್ಟರ್ಸಿನ ಮಕ್ಕಳೆಲ್ಲ ಅಲ್ಲಿಗೇ ಬರುತ್ತಿದ್ದೆವು. ತಮಿಳು ಮನೆಯವರು, ತೆಲುಗು ಮನೆಯವರು, ಉರ್ದು ಮಾತಾಡುವವರು. ದೊಡ್ಡ ಮಿಸ್ ಅವರವರ ಭಾಷೆಯಲ್ಲೇ ಒಂದೊಂದು ಬೈಗುಳ ಕಲಿತುಕೊಂಡು ಎಲ್ಲರನ್ನೂ ಪ್ರೀತಿಯಿಂದ ಬೈಯುತ್ತಿದ್ದರು. ಅಪ್ಪಂದಿರ ಶಿಫ್ಟ್ ಮುಗಿಯುವುದು ತಡವಾದರೆ ಕೊನೆಯ ಮಗುವನ್ನು ಕರೆದೊಯ್ಯುವವರೆಗೂ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಎಷ್ಟೋ ಸಂಜೆ ಆ ಕೊನೆಯ ಮಗು ನಾನೇ ಆಗಿರುತ್ತಿದ್ದೆ. ಅವರ ಸೀರೆಯ ಸೆರಗು ಹಿಡಿದುಕೊಂಡು ರಸ್ತೆ ನೋಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಅವರೆಂದರೆ ನನಗೆ ಪ್ರಾಣವಾಗಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದನ್ನು ಓದಿ ನೀವು ಅವರನ್ನು ಕೆಟ್ಟವರೆಂದುಕೊಳ್ಳುತ್ತೀರಿ.

ನಮ್ಮ ಸಾಲಿನ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಅಮ್ಮ ಎಷ್ಟು ತಿಕ್ಕಿ ಒಗೆದರೂ ನನ್ನ ಬಿಳಿ ಅಂಗಿ ಕಂದು ತಿರುಗುತ್ತಿತ್ತು. ನನ್ನ ತರಗತಿಯಲ್ಲಿ ಉದ್ದ ಜಡೆಯ ಹುಡುಗಿಯೊಬ್ಬಳಿದ್ದಳು. ಅವಳು ನನಗೆ ‘ತುಕ್ಕು’ ಎಂದು ಹೆಸರಿಟ್ಟಳು. ಹೆಸರಿಟ್ಟು ಸುಮ್ಮನಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಚಪ್ಪಲಿ ಬಚ್ಚಿಡುವುದು, ಮುಟ್ಟಿದರೆ ತುಕ್ಕು ಹತ್ತುತ್ತದೆ ಎಂದು ಬೆಂಚಿನಿಂದ ತಳ್ಳುವುದು ಶುರುವಾಯಿತು. ಅವಳ ಹಿಂದೆ ಉಳಿದವರು ನಗುತ್ತಿದ್ದರು. ಒಂದು ದಿನ ಕೈ ತೊಳೆಯುತ್ತಿದ್ದಾಗ ಹಿಂದಿನಿಂದ ನನ್ನ ತಲೆಯನ್ನು ನಲ್ಲಿಗೆ ಗುದ್ದಿಸಿದಳು. ತುಟಿ ಒಡೆದು ಅಂಗಿಯ ಮೇಲೆಲ್ಲ ರಕ್ತವಾಯಿತು.

ಮರುದಿನ ಅಮ್ಮ ನನ್ನನ್ನು ಕರೆದುಕೊಂಡು ದೊಡ್ಡ ಮಿಸ್ ಕೋಣೆಗೆ ಹೋದಳು. ಅವರು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ತುಟಿಗೆ ತಾವೇ ಔಷಧಿ ಹಚ್ಚಿದರು. ಒಂದೊಂದಾಗಿ ಕೇಳಿದರು. ನಾನು ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದೆ. ಅವರ ಕಣ್ಣಲ್ಲಿ ನೀರು ಬಂತು. ಆಮೇಲೆ ಅಮ್ಮನ ಕಡೆ ತಿರುಗಿ, “ಮಕ್ಕಳ ಜಗಳ ಕಣಮ್ಮ, ಮನಸ್ಸಿಗೆ ಹಚ್ಕೋಬೇಡ. ನಾನು ಸರಿ ಮಾಡ್ತೀನಿ” ಅಂದರು.

ಜಗಳ ಎಂಬ ಮಾತು ಆಗ ನನಗೆ ವಿಚಿತ್ರವೆನಿಸಿತ್ತು. ನಾನು ಯಾರ ಜೊತೆಗೂ ಜಗಳವಾಡಿರಲಿಲ್ಲ. ಆದರೆ ಆ ಶಾಲೆಯಲ್ಲಿ ಅದಕ್ಕೆ ಬೇರೆ ಹೆಸರಿರಲಿಲ್ಲ. ಒಬ್ಬಳು ಹೊಡೆದು ಇನ್ನೊಬ್ಬಳು ಹೊಡೆಸಿಕೊಂಡರೂ ಅದು ಇಬ್ಬರ ಜಗಳ, ಇಬ್ಬರ ಜಗಳಕ್ಕೆ ಮದ್ದು ರಾಜಿ. ದೊಡ್ಡ ಮಿಸ್ ನಮ್ಮಿಬ್ಬರನ್ನೂ ಕರೆಸಿ ಕೈ ಕುಲುಕಿಸಿದರು. ಅಂದಿನಿಂದ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರಬೇಕು, ಡಬ್ಬಿ ಹಂಚಿಕೊಂಡು ಉಣ್ಣಬೇಕು ಎಂದು ಅಪ್ಪಣೆಯಾಯಿತು. ಒಟ್ಟಿಗೆ ಉಂಡರೆ ಮನಸ್ಸು ಕೂಡುತ್ತದೆ ಎಂದು ಅವರು ನಿಜವಾಗಿಯೂ ನಂಬಿದ್ದರು.

ಅವಳು ಹಂಚಿಕೊಳ್ಳಲಿಲ್ಲ. ನನ್ನ ಡಬ್ಬಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ಉಣ್ಣುತ್ತಿದ್ದಳು. ದೊಡ್ಡ ಮಿಸ್ ವರಾಂಡದಲ್ಲಿ ಬರುವುದು ಕಂಡರೆ ನನ್ನ ಬಾಯಿಗೊಂದು ತುತ್ತು ಇಡುತ್ತಿದ್ದಳು. ಅವರು ಅದನ್ನು ನೋಡಿ, ನಮ್ಮಿಬ್ಬರ ತಲೆ ಸವರಿ ಮುಂದೆ ಹೋಗುತ್ತಿದ್ದರು. ಆ ಗಂಧದ ವಾಸನೆ ದೂರವಾಗುವವರೆಗೆ ತುತ್ತು ನನ್ನ ಬಾಯಲ್ಲೇ ಇರುತ್ತಿತ್ತು, ನುಂಗಲು ಆಗುತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಖಾಲಿ ಡಬ್ಬಿ ನೋಡಿ ಹಿಗ್ಗಿದಳು. ಗೆಳತಿಗೂ ಇರಲಿ ಎಂದು ಇನ್ನೆರಡು ಸೌಟು ಹೆಚ್ಚು ತುಂಬತೊಡಗಿದಳು. ಅಮ್ಮನ ಕೈ ಅಡುಗೆ ಅಷ್ಟು ರುಚಿ, ಏನು ಮಾಡುವುದು...

ಆ ವರ್ಷ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೆ ಪ್ರವಾಸ ಹೋದೆವು. ದೊಡ್ಡ ಮಿಸ್ ನಮ್ಮಿಬ್ಬರನ್ನು ಜಾಲರಿ ಹಾಕಿದ ವ್ಯಾನಿನಲ್ಲಿ ಜೊತೆಯಾಗಿ ಕೂರಿಸಿ, ಕೈ ಬಿಡಬಾರದು ಎಂದರು. ಹುಲಿ ಹತ್ತಿರ ಬಂದಾಗ ಎಲ್ಲರೂ ಕಿರುಚಿಕೊಂಡರು. ಅವಳ ಉಗುರು ನನ್ನ ಅಂಗೈಯೊಳಗೆ ಇಳಿದಿತ್ತು. ನಾನು ಹುಲಿಯನ್ನು ನೋಡಲೇ ಇಲ್ಲ.

ಶಾಲೆಯ ವಾರ್ಷಿಕೋತ್ಸವದಲ್ಲಿ ನಮ್ಮಿಬ್ಬರನ್ನೂ ವೇದಿಕೆಗೆ ಕರೆದು, ಜೋಡಿಸಿದ ಕೈಗಳನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದರು. ನಮ್ಮ ಶಾಲೆಯಲ್ಲಿ ಜಗಳ ಅನ್ನುವುದೇ ಇಲ್ಲ ಎಂದರು. ಜನ ಚಪ್ಪಾಳೆ ತಟ್ಟಿದರು. ಕೆಳಗೆ ಕೂತ ಮಕ್ಕಳು ಎಲ್ಲವನ್ನೂ ಕಣ್ಣಾರೆ ಕಂಡವರು. ದೂರು ಕೊಟ್ಟರೆ ಏನಾಗುತ್ತದೆಂದು ಅವರಿಗೆ ಗೊತ್ತಾಗಿತ್ತು. ಆಮೇಲೆ ಯಾರೂ ದೊಡ್ಡ ಮಿಸ್ ಹತ್ತಿರ ದೂರು ಒಯ್ಯಲಿಲ್ಲ. ಅದನ್ನೇ ಅವರು ಶಾಂತಿ ಎಂದುಕೊಂಡರು.

ಉದ್ದ ಜಡೆಯವಳ ಅಪ್ಪನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿ ಅವರು ಹೋದರು. ನಾನು ಬೆಳೆದೆ, ಮದುವೆಯಾಗಿ ಶಿವಮೊಗ್ಗಕ್ಕೆ ಬಂದೆ. ಕೆಲವು ವರ್ಷಗಳ ಹಿಂದೆ ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದರಲ್ಲಿ ಹಿಂದಿನಿಂದ ಗಂಧದ ಪೌಡರಿನ ವಾಸನೆ ಬಂತು. ತಿರುಗಿ ನೋಡಿದರೆ ದೊಡ್ಡ ಮಿಸ್. ಮೊದಲಿಗಿಂತ ಗಿಡ್ಡಗಾಗಿದ್ದರು. ಕೈಯಲ್ಲಿ ಬ್ಲೌಸ್ ಪೀಸಿನ ಕವರು. ನನ್ನನ್ನು ಗುರುತು ಹಿಡಿದು, “ಅಯ್ಯೋ ಮಾರಾಯ್ತಿ, ನೀನಾ!” ಎಂದು ಗಲ್ಲ ಹಿಡಿದರು. ಕಬ್ಬಿನ ಹಾಲು ಕುಡಿಯೋಣವೆಂದು ಕರೆದುಕೊಂಡು ಹೋದೆ. ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಪಕ್ಕಪಕ್ಕ ಕೂತೆವು.

“ನಿನ್ನ ಜೋಡಿ ಎಲ್ಲಿದ್ದಾಳೆ ಈಗ? ಹೊಸ ಟೀಚರ್‌ಗಳಿಗೆಲ್ಲ ನಿಮ್ಮಿಬ್ರ ಕತೆನೇ ಹೇಳ್ತಿದ್ದೆ ಕಣೇ. ಜಗಳ ಆಡೋ ಮಕ್ಳನ್ನ ಹಿಂಗೆ ಸರಿ ಮಾಡಿ ಅಂತ.”

ನನಗೆ ಸಿಟ್ಟು ಬಂತು. ಅಷ್ಟು ವರ್ಷ ಎಲ್ಲಿತ್ತೋ ಅದು... ಡಬ್ಬಿಯದು, ಮಣಿಕಟ್ಟಿನದು, ಹುಲಿಯದು, ಎಲ್ಲ ಹೇಳಿದೆ. ಅವರು ಗ್ಲಾಸನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ಕೇಳಿದರು.

“ನಂಗೆ ಯಾಕೆ ಹೇಳ್ಲಿಲ್ಲ ಪುಟ್ಟಾ?”

“ಒಂದ್ಸಲ ಹೇಳಿದ್ದಕ್ಕೇ ಅಲ್ವಾ ಮಿಸ್, ನೀವು ಅವಳ ಪಕ್ಕ ಕೂರಿಸಿದ್ದು?”

ಅವರು ಗ್ಲಾಸು ಕೆಳಗಿಟ್ಟರು. ಆಮೇಲೆ ತಮ್ಮಷ್ಟಕ್ಕೆ ತಾವೇ, “ಇನ್ನೂ ಎಷ್ಟು ಜನಾನ ಕೂರಿಸಿದ್ನೋ...” ಅಂದರು. ಬಸ್ಸಿಗೆ ಹತ್ತಿಸಲು ಹೋದೆ. ಕಿಟಕಿಯ ಪಕ್ಕ ಕೂತು, ಅವರು ನನ್ನ ಕಡೆ ನೋಡುತ್ತಲೇ ಇದ್ದರು. ಬಸ್ಸು ಭದ್ರಾವತಿಯ ಕಡೆ ಹೊರಟಾಗ ಕೈ ಬೀಸಿದೆ. ಅವರು ಕೈ ಎತ್ತಲಿಲ್ಲ.

ಆಮೇಲಿನದನ್ನು ನನಗೆ ಹೇಳಿದವಳು ಕ್ವಾರ್ಟರ್ಸಿನ ಹಳೆಯ ಗೆಳತಿ. ದೊಡ್ಡ ಮಿಸ್‌ಗೆ ತಲೆ ಸರಿಯಿಲ್ಲವಂತೆ, ನೋಡಲು ಹೋದ ಹಳೆಯ ವಿದ್ಯಾರ್ಥಿಗಳ ಕೈ ಹಿಡಿದುಕೊಂಡು ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಾರಂತೆ. “ನಿನ್ನ ಪಕ್ಕ ಯಾರನ್ನ ಕೂರಿಸಿದ್ದೆ? ಹೆಂಗಿದ್ರು ಅವ್ರು?” ಜನ ಪಾಪ ಅನ್ನುತ್ತಿದ್ದರು, ಏನೋ ಒಂದು ಹೇಳಿ ಸಮಾಧಾನ ಮಾಡಿ ಬರುತ್ತಿದ್ದರು. ತಲೆ ಸರಿಯಾಗಿಯೇ ಇದೆ ಎಂದು ನನಗೊಬ್ಬಳಿಗೆ ಗೊತ್ತಿತ್ತು. ಹೋಗಿ ನೋಡಬೇಕೆಂದುಕೊಂಡೆ. ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಹೋಗಿಬಿಟ್ಟರು... ಕೊನೆಯ ದಿನವೂ ನರ್ಸಮ್ಮನನ್ನು ಅದನ್ನೇ ಕೇಳಿದ್ದರಂತೆ.

ಈಗ ಸಿಂಕಿನ ಮುಂದೆ ನಿಂತವಳಿಗೆ ಹೋದ ತಿಂಗಳ ದೂರು ನೆನಪಾಯಿತು. ಒಬ್ಬ ಹುಡುಗಿ ಮಗಳ ಕೂದಲನ್ನು ಕತ್ತರಿಯಿಂದ ಕತ್ತರಿಸಿದ್ದಳು. ಶಾಲೆಯವರು ಎ.ಸಿ. ಕೋಣೆಯಲ್ಲಿ ಕೂರಿಸಿ ಮರ್ಯಾದೆಯಿಂದ ಮಾತಾಡಿದ್ದರು. ಗೋಡೆಯ ಮೇಲೆ ಮಕ್ಕಳ ಸುರಕ್ಷತೆಯ ಪೋಸ್ಟರ್, ಬಾಗಿಲ ಹತ್ತಿರ ಬೀಗ ಹಾಕಿದ ದೂರು ಪೆಟ್ಟಿಗೆ. “ಇದು ಬುಲ್ಲಿಯಿಂಗ್ ಅಂತ ಬರಲ್ಲ ಮೇಡಂ, ಫ್ರೆಂಡ್ಸ್ ಮಧ್ಯೆ ಸಣ್ಣ ಇಶ್ಯೂ. ನಾವು ಹ್ಯಾಂಡಲ್ ಮಾಡ್ತೀವಿ” ಎಂದಿದ್ದರು. ಹೇಗೆ ಎಂದು ನಾನು ಕೇಳಲಿಲ್ಲ.

ಮಗಳು ಟೇಬಲ್ಲಿನ ಮೇಲೆ ಹೋಂವರ್ಕ್ ಹರಡಿಕೊಂಡಿದ್ದಳು. ಡಬ್ಬಿ ಹಿಡಿದುಕೊಂಡೇ ಹೋಗಿ ಎದುರಿಗೆ ನಿಂತೆ.

“ಪುಟ್ಟಿ, ನಿನ್ನ ಪಕ್ಕ ಯಾರು ಕೂರ್ತಾರೆ ಈಗ?”

ಅವಳ ಪೆನ್ಸಿಲ್ ನಿಂತಿತು. ತಲೆ ಎತ್ತಲಿಲ್ಲ.

“ನೀನೇ ಹೋಗಿ ಹೇಳಿದ್ಯಲ್ಲ ಅಮ್ಮ. ಅದಕ್ಕೇ ಅವಳನ್ನ ಕೂರಿಸಿದಾರೆ.”

ನಾಳೆ ಬೆಳಗ್ಗೆ ಮತ್ತೆ ಆ ಶಾಲೆಗೆ ಹೋಗಬೇಕು. ಅಲ್ಲಿನ ಮಿಸ್ ಚಿಕ್ಕ ವಯಸ್ಸಿನವರು, ಒಳ್ಳೆಯವರು, ಮಕ್ಕಳನ್ನು ಕಂಡರೆ ಪ್ರೀತಿ ಇರುವವರು. ನಾನು ಹೇಳಿದರೆ ಗಾಬರಿ ಬಿದ್ದ ತಾಯಿಯ ಮಾತೆಂದು ತಲೆಯಾಡಿಸುತ್ತಾರೆ. ದೊಡ್ಡ ಮಿಸ್ ಬದುಕಿದ್ದು ಹೇಳಿದ್ದರೆ ಆಕೆ ಕೇಳುತ್ತಿದ್ದರು. ನಾನೊಂದು ಫೋನ್ ಮಾಡಿದ್ದರೆ ದೊಡ್ಡ ಮಿಸ್ ಮೊದಲ ಬಸ್ಸಿಗೇ ಬಂದು, ಆ ಗೇಟಿನ ಹತ್ತಿರ ನನಗಿಂತ ಮುಂಚೆ ನಿಂತಿರುತ್ತಿದ್ದರು.