ಕೆಂಚಣ್ಣನ ಕಲ್ಲು

“ಚಪ್ಪಲಿ ಬಿಟ್ಟು ಬನ್ರೀ! ಇದು ನಮ್ ಕೆಂಚಣ್ಣನ ಕಲ್ಲು. ಊರ ದನ ಉಳ್ಸೋಕೋಗಿ ಪ್ರಾಣ ಬಿಟ್ಟೋನು!”

ಸಿಂಗಟಗೆರೆಯ ಕೆರೆ ಏರಿಯಲ್ಲಿ ವೀರಗಲ್ಲಿಗೆ ಕುಂಕುಮ ಹಚ್ಚುತ್ತಿದ್ದ ಅಜ್ಜಿ ಗದರಿದರು. ನಾನು ಬೆಚ್ಚಿಬಿದ್ದದ್ದು ಗದರಿಕೆಗಲ್ಲ, ಆ ಹೆಸರಿಗೆ! ಪಕ್ಕದಲ್ಲೇ ಇದ್ದ ನಮ್ಮ ಇತಿಹಾಸದ ಮೇಷ್ಟ್ರು ಈ ಕಲ್ಲಿನ ಬಗ್ಗೆ ಕಾದಂಬರಿ ಬರೆಯುವಾಗ ತಾವೇ ಇಟ್ಟ ಹೆಸರದು. ಕಲ್ಲಿನಲ್ಲಿ ಒಂದಕ್ಷರವೂ ಇಲ್ಲ. ನಾನು ಶಾಲೆಗೆ ಹೋಗುವಾಗ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಆಮೇಲೆ ಮೇಷ್ಟ್ರು ತರಗತಿಯಲ್ಲಿ ಹೇಳಿದ ಕಥೆ ಮಕ್ಕಳ ಬಾಯಿಂದ ಮನೆಮನೆ ಸೇರಿತ್ತು!

“ಅಜ್ಜಿ, ಆ ಹೆಸರು...” ಎನ್ನುವಷ್ಟರಲ್ಲಿ ಮೇಷ್ಟ್ರು ನನ್ನ ಕೈ ಅದುಮಿದರು. “ಸುಮ್ನಿರೋ. ಹೆಸ್ರು ನಾನಿಟ್ಟಿದ್ದು, ಆದ್ರೆ ಸತ್ತಿದ್ದು ಅವನೇ ಕಣೋ” ಎಂದು ಪಿಸುಗುಟ್ಟಿ ಚಪ್ಪಲಿ ಕಳಚಿದರು.

ಈಗ ಎಲ್ಲೇ ವೀರಗಲ್ಲು ಕಂಡರೂ ಚಪ್ಪಲಿ ಬಿಟ್ಟು ನಿಲ್ಲುತ್ತೇನೆ. ಕಲ್ಲಿನಲ್ಲಿರುವ ಇವನನ್ನು ಇವನ ತಾಯಿ ಯಾವ ಹೆಸರಿಂದ ಕೂಗುತ್ತಿದ್ದಳೋ!