ಆಷಾಢದಲ್ಲಿ ಕೊಂಡ ಸ್ಕೂಟರ್

ಭಾನುವಳ್ಳಿಯ ಕಿರಾಣಿ ಅಂಗಡಿಯ ರಫೀಕ್ ಸಾಬರಿಂದ ಹಳೇ ಸ್ಕೂಟರ್ ಕೊಂಡೆ. ಆಷಾಢ ಕಳೆದು ಒಳ್ಳೆ ದಿನ ಸಿಗುವವರೆಗೆ ಗಾಡಿಯನ್ನು ನಮ್ಮ ಹೆಸರಿಗೆ ಬದಲಾಯಿಸುವುದು ಬೇಡ ಎಂದಳು ಹೆಂಡತಿ. ಕೆಲಸದ ಮೇಲೆ ದಾವಣಗೆರೆ, ಹರಿಹರ ಅಂತ ಗಾಡಿ ಮಾತ್ರ ಓಡುತ್ತಲೇ ಇತ್ತು. ಶ್ರಾವಣದಲ್ಲಿ ಸಾಬರ ಫೋನು ಬಂತು.

“ಸರ್, ನಿನ್ನೆ ಹರಿಹರದಾಗ ಹೆಲ್ಮೆಟ್ ಇಲ್ದ ಹೊಂಟಿದ್ರಲ್ರೀ!”

“ನಿಮಗೆ ಹೆಂಗೆ ಗೊತ್ತಾತು?”

“ದಂಡದ ಮೆಸೇಜು ಫೋಟೋ ಸಮೇತ ನನಗ ಬಂತ್ರಿ. ಗಾಡಿ ಇನ್ನೂ ನನ್ ಹೆಸರಿನಾಗೇ ಐತೆ. ತಿಂಗಳೊಳಗ ಬದಲಾಯಿಸ್ಬೇಕಿತ್ತು.”

“ಆಷಾಢ ಅಂತ ತಡ ಆತ್ರಿ.”

“ಗಾಡಿ ಓಡ್ಸಾಕ ಆಷಾಢ ಅಡ್ಡ ಬರ್ಲಿಲ್ಲೇನ್ರಿ?” ಎಂದು ಸಾಬರು ಜೋರಾಗಿ ನಕ್ಕರು.

ಮರುದಿನವೇ ಆ ದಂಡ, ವರ್ಗಾವಣೆ ಶುಲ್ಕ, ತಡ ಮಾಡಿದ್ದಕ್ಕೆ ಇನ್ನೊಂದು ಶುಲ್ಕ, ಎಲ್ಲ ಕಟ್ಟಿದೆ. ನಮ್ಮನೆಯ ಗ್ಯಾಸು, ಬ್ಯಾಂಕು ಎಲ್ಲದಕ್ಕೂ ಹೆಂಡತಿಯ ಮೊಬೈಲ್ ನಂಬರೇ. ಗಾಡಿಯ ವರ್ಗಾವಣೆ ಅರ್ಜಿಗೆ ಮಾತ್ರ ನನ್ನದನ್ನು ಕೊಟ್ಟೆ.